ಸಹಿ ಹಾಕಿದವರು ಹೋದಮೇಲೆ ಬಿಲ್ಲು ಬರತ್ತೆ: ಕಾಲೇಜು ಅಥ್ಲೆಟಿಕ್ ಡೈರೆಕ್ಟರನ್ನ ಕೇಳೋರು ಯಾರು?

ಬಯೂ_ಭಟ್ಟ

ಎಲ್‌ಎಸ್‌ಯುನಲ್ಲಿ (ಅಮೆರಿಕದ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಎಂ.ಎಸ್. ಮಾಡಿ ಬ್ಯಾಟನ್ ರೂಜ್ ಬಿಟ್ಟು ಎಷ್ಟೋ ವರ್ಷ ಆಯ್ತು. ಆದ್ರೂ ಶನಿವಾರ ಸಂಜೆ ಟೀವಿ ಮುಂದೆ ಕೂರೋ ಚಟ ಬಿಟ್ಟಿಲ್ಲ. ಮೊದಲ ಸಲ ಟೈಗರ್ ಸ್ಟೇಡಿಯಂ ಒಳಗೆ ಕಾಲಿಟ್ಟಾಗ, ಕಾಲೇಜ್ ಮಟ್ಟದ ಅಮೆರಿಕನ್ ಫುಟ್‌ಬಾಲ್ ಮ್ಯಾಚಿಗೆ ಲಕ್ಷ ಜನಾನಾ ಅಂತ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಆ ಬಾಯಿ ಈಗ ಬೇರೆ ಕಾರಣಕ್ಕೆ ತೆರೆದಿದೆ.

2025ರ ಅಕ್ಟೋಬರ್ 25. ಟೆಕ್ಸಸ್ ಎ ಅಂಡ್ ಎಂ ನಮ್ಮ ಮನೆಯಂಗಳಕ್ಕೇ ಬಂದು 49-25 ಬಾರಿಸಿ ಹೋಯ್ತು. ಮಾರನೇ ದಿನ ಕೋಚ್ ಬ್ರಯಾನ್ ಕೆಲ್ಲಿ ಔಟ್. 2021ರ ಕೊನೇಲಿ ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್ ಮಾತಾಡಿ ಕರೆತಂದಿದ್ದ ಮನುಷ್ಯ. ನಾಲ್ಕು ವರ್ಷ ತುಂಬೋದ್ರೊಳಗೆ ಕಳಿಸೋಕೆ ಕೊಡಬೇಕಾದ ಬೈಔಟ್ ಸುಮಾರು 5.4 ಕೋಟಿ. ಕೆಲಸ ಮಾಡದೆ ಇರೋದಕ್ಕೆ! ಅದಾದ ನಾಲ್ಕೇ ದಿನಕ್ಕೆ, ಅಕ್ಟೋಬರ್ 30ರಂದು, ಅವನನ್ನ ತಂದ ಅಥ್ಲೆಟಿಕ್ ಡೈರೆಕ್ಟರ್ (ಎ.ಡಿ., ಅಂದ್ರೆ ಕಾಲೇಜಿನ ಎಲ್ಲ ಆಟಗಳ ಮುಖ್ಯಾಧಿಕಾರಿ) ಸ್ಕಾಟ್ ವುಡ್‌ವರ್ಡ್ ಕೂಡ ಹೊರಗೆ.

ನನ್ನ ಸಿಟ್ಟು ಕೆಲ್ಲಿ ಮೇಲಲ್ಲ, ಕೊಟ್ಟರೆ ಯಾರು ಬೇಡ ಅಂತಾರೆ. ಈ ವುಡ್‌ವರ್ಡ್ ಅವರ ಕಡತ ಸ್ವಲ್ಪ ಹಿಂದಕ್ಕೆ ತಿರುವಿ ನೋಡಿ. 2017ರಲ್ಲಿ ಇವರು ಎ ಅಂಡ್ ಎಂನಲ್ಲಿ ಎ.ಡಿ. ಆಗಿದ್ದಾಗ ಜಿಂಬೋ ಫಿಶರ್‌ಗೆ ಹತ್ತು ವರ್ಷಕ್ಕೆ 7.5 ಕೋಟಿ, ಪೂರ್ತಿ ಗ್ಯಾರಂಟಿ. 2019ರಲ್ಲಿ ಎಲ್‌ಎಸ್‌ಯುಗೆ ಬಂದ್ರು. 2020ರ ಜನವರಿಯಲ್ಲಿ ನಾವು ರಾಷ್ಟ್ರೀಯ ಚಾಂಪಿಯನ್ ಆದ ಖುಷಿಗೆ ಕೋಚ್ ಎಡ್ ಓರ್ಜೆರಾನ್‌ಗೆ ದೊಡ್ಡ ಒಪ್ಪಂದ. ಎರಡೇ ವರ್ಷದಲ್ಲಿ ಅವನನ್ನ ಕಳಿಸೋಕೆ 1.7 ಕೋಟಿ ಹತ್ತಿರ. ಆಮೇಲೆ ಕೆಲ್ಲಿ. ಒಂದೇ ಪೆನ್ನು, ಮೂರು ಸಹಿ.

ನನ್ನ ಪ್ರಶ್ನೆ ಇಷ್ಟೇ. ಕೋಚ್ ಸೋತರೆ ಸೋಮವಾರ ಬೆಳಗ್ಗೆ ಲೆಕ್ಕ ಕೇಳ್ತೀವಿ. ಎ.ಡಿ.ಗೆ ಲೆಕ್ಕ ಕೇಳೋದು ಯಾವಾಗ, ಕೇಳೋದು ಯಾರು?

ಧಾರವಾಡ_ಮಂದಿ

ಭಟ್ರ, ಸಿಟ್ಟು ಸರಿ ಐತಿ, ಆದ್ರ ಅರ್ಧಾ ಲೆಕ್ಕಾನ ಹೇಳೀರಿ. ಉಳಿದದ್ದು ನಾ ಹೇಳ್ತೀನಿ.

ಅದ ವುಡ್‌ವರ್ಡ್ 2021ರಾಗ ಕಿಮ್ ಮಲ್ಕಿನ್ನ ಕರಕೊಂಡು ಬಂದ. ಎರಡನೇ ವರ್ಷಕ್ಕ, 2023ರಾಗ, ಅಯೋವಾನ್ನ 102-85 ಸೋಲಿಸಿ ಹುಡುಗ್ಯಾರ ಬಾಸ್ಕೆಟ್‌ಬಾಲ್ ಕಿರೀಟ. ಬೇಸ್‌ಬಾಲಿಗೆ ಜೇ ಜಾನ್ಸನ್ ಬಂದ, 2023 ಮತ್ತ 2025, ಎರಡ ಕಿರೀಟ. ಜಿಮ್ನಾಸ್ಟಿಕ್ಸಿನಾಗ 2024ರಾಗ ಕಾಲೇಜಿನ ಮೊದಲನೇ ಎನ್‌ಸಿಎಎ (ಅಮೆರಿಕದ ಕಾಲೇಜು ಆಟಗಳ ರಾಷ್ಟ್ರೀಯ ಸಂಸ್ಥೆ) ಕಿರೀಟ. ಇಷ್ಟೆಲ್ಲಾ ಗೆದ್ದ ಮನಶಾಗ ಪರೀಕ್ಷಾದಾಗ ನಪಾಸ್ ಅಂತೀರಲ್ಲ?

ಫುಟ್‌ಬಾಲ್ ಒಂದs ಪೇಪರ್ ಅಂದ್ರ ಹಂಗಂತ ಮೊದಲ ಹೇಳ್ರಿ. ಹುಡುಗ್ಯಾರ ಆಟಕ್ಕ ಮಾರ್ಕ್ಸ್ ಇಲ್ಲ ಅಂತ ಬೋರ್ಡ್ ಹಾಕ್ರಿ.

ಬಯೂ_ಭಟ್ಟ

ಒಪ್ಪಿದೆ, ಮಲ್ಕಿ ನೇಮಕ ಬಂಗಾರ. ಆದ್ರೆ ನೀವೇ ಹೇಳಿ, 2020ರ ಜನವರಿ ಫುಟ್‌ಬಾಲ್ ಕಿರೀಟ ಯಾರ ಖಾತೆಗೆ? ಓರ್ಜೆರಾನ್‌ನ ನೇಮಿಸಿದ್ದು ಹಿಂದಿನ ಎ.ಡಿ. ಜೋ ಅಲೀವಾ. ವುಡ್‌ವರ್ಡ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಲೀವಾಗೆ ಊರಲ್ಲಿ ಒಳ್ಳೆ ಮಾತು ಹೇಳಿದವರನ್ನ ನಾನು ನೋಡಿಲ್ಲ. ಕಿರೀಟದ ಫೋಟೋದಲ್ಲಿ ನಿಲ್ಲೋದು ಆ ಹೊತ್ತಿಗೆ ಕುರ್ಚಿ ಮೇಲಿದ್ದವರು. ಬಿಲ್ಲು ಕಟ್ಟೋದೂ ಆ ಹೊತ್ತಿಗೆ ಕುರ್ಚಿ ಮೇಲಿದ್ದವರೇ. ಬಿತ್ತಿದವನು ಆಗಲೇ ಬೇರೆ ಊರಲ್ಲಿ ಉಳ್ತಾ ಇರ್ತಾನೆ.

ಕೊಲಂಬಸ್_ಕಾವೇರಿ

ಬೇರೆ ಊರಲ್ಲಿ ಉಳೋ ಮಾತು ಬಂತಲ್ಲ, ನಮ್ಮೂರಿಗೇ ಬನ್ನಿ.

ಫಿಶರ್ ಕಥೆಯ ಎರಡನೇ ಭಾಗ ಭಟ್ಟರು ಬಿಟ್ಟುಬಿಟ್ಟರು. ವುಡ್‌ವರ್ಡ್ ಹೋದಮೇಲೆ ಎ ಅಂಡ್ ಎಂಗೆ ಎ.ಡಿ. ಆಗಿ ಬಂದಿದ್ದು ರಾಸ್ ಬ್ಯೋರ್ಕ್. ಹಳೇ ಒಪ್ಪಂದದಲ್ಲಿ ಇನ್ನೂ ವರ್ಷಗಳು ಬಾಕಿ ಇರುವಾಗಲೇ 2021ರಲ್ಲಿ ಅದನ್ನ 2031ರವರೆಗೆ ಎಳೆದರು, ಸಂಬಳವನ್ನೂ ಏರಿಸಿದರು. 2023ರ ನವೆಂಬರಿನಲ್ಲಿ ಫಿಶರ್‌ನ ಕಳಿಸಿದಾಗ ಬಿಲ್ಲು 7.5 ಕೋಟಿ ದಾಟಿತ್ತು. ವುಡ್‌ವರ್ಡ್ ಬರೆದ ಮೂಲ ಒಪ್ಪಂದವೇ ನಡೆದಿದ್ದರೆ ಅಷ್ಟಾಗುತ್ತಿರಲಿಲ್ಲ. ಎರಡನೇ ಸಹಿ ಬ್ಯೋರ್ಕ್ ಅವರದು. ಕೋಚ್‌ನ ಕಳಿಸಿದ ಎರಡು ತಿಂಗಳಿಗೆ ಅವರಿಗೆ ಏನು ಶಿಕ್ಷೆ ಆಯ್ತು ಗೊತ್ತಾ? ನಮ್ಮೂರಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಎ.ಡಿ. ಪಟ್ಟ. ದೇಶದಲ್ಲಿ ಅದಕ್ಕಿಂತ ದೊಡ್ಡ ಕುರ್ಚಿ ಬೆರಳೆಣಿಕೆಯಷ್ಟು.

ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 2024ರ ನವೆಂಬರ್ 30, ಮಿಷಿಗನ್ ವಿರುದ್ಧ ನಾವು 13-10 ಸೋತೆವು. ನಾಲ್ಕನೇ ವರ್ಷ ಸತತ. ಅವತ್ತು ಈ ಊರಿನ ಗ್ಯಾಸ್ ಸ್ಟೇಷನ್ನಿನಲ್ಲಿ, ಭಾರತೀಯ ಅಂಗಡಿಯ ಕ್ಯೂನಲ್ಲಿ, ಎಲ್ಲೆಲ್ಲೂ ಒಂದೇ ಮಾತು: ರಯಾನ್ ಡೇನ ಓಡಿಸಿ. ನಾನೂ ಅಂದಿದ್ದೆ. ಬ್ಯೋರ್ಕ್ ಬಗ್ಗಲಿಲ್ಲ, ಬಹಿರಂಗವಾಗಿಯೇ ಕೋಚ್ ಬೆನ್ನಿಗೆ ನಿಂತರು. 2025ರ ಜನವರಿ 20ಕ್ಕೆ ನಾಟ್ರಡೇಮ್‌ನ 34-23 ಸೋಲಿಸಿ ನಾವು ಚಾಂಪಿಯನ್. ಎ.ಡಿ. ಏನೂ ಮಾಡದೆ ಕೂತದ್ದೇ ಆ ವರ್ಷದ ಒಳ್ಳೆಯ ಕೆಲಸ. ಅದನ್ನ ಯಾವ ವಾರ್ಷಿಕ ವರದಿಯ ಯಾವ ಕಾಲಮ್ಮಿನಲ್ಲಿ ಬರೀತೀರಿ?

ಪಿಡಿ_ಮೇಷ್ಟ್ರು

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮೆ ಇರಲಿ. ಹಾಸನದ ಕಡೆಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ ನಾನು. ಅಂದರೆ ಕಾಗದದ ಮೇಲೆ ನಾನೂ ಡೈರೆಕ್ಟರೇ! ಪ್ರವೇಶಾತಿ ಹೊತ್ತಿಗೆ ಸಾಲು ನಿಲ್ಲಿಸೋದು, ಚುನಾವಣಾ ಡ್ಯೂಟಿ, ಆಗಸ್ಟ್ ಹದಿನೈದಕ್ಕೆ ಹಗ್ಗ ಕಟ್ಟೋದು, ಉಳಿದ ಹೊತ್ತಲ್ಲಿ ಮೈದಾನ. ಕಬಡ್ಡಿ ಮ್ಯಾಟು ಹರಿದರೆ ಮೂರು ಅರ್ಜಿ ಬರೀಬೇಕು. ನೀವು ಹೇಳೋ ಡೈರೆಕ್ಟರ್ ಯಾರಿಗೆ ಅರ್ಜಿ ಬರೀತಾನೆ?

ಬಯೂ_ಭಟ್ಟ

ಮೇಷ್ಟ್ರೇ, ಹೆಸರೊಂದೇ ಒಂದು. ಇಲ್ಲಿನ ಎ.ಡಿ. ಪಾಠ ಮಾಡಲ್ಲ, ಶಿಳ್ಳೆ ಊದಲ್ಲ. ದೊಡ್ಡ ಕಾಲೇಜುಗಳಲ್ಲಿ ವರ್ಷಕ್ಕೆ 20 ಕೋಟಿ ಡಾಲರ್ ಆಸುಪಾಸಿನ ವ್ಯವಹಾರ ನಡೆಸೋ ಮುಖ್ಯಾಧಿಕಾರಿ. ಕೋಚ್‌ಗಳ ನೇಮಕ, ಟೀವಿ ದುಡ್ಡು, ದಾನಿಗಳ ಹತ್ತಿರ ಕೈಯೊಡ್ಡೋದು, ಸ್ಟೇಡಿಯಂ ಸಾಲ. 2025ರ ಜುಲೈಯಿಂದ ಆಟಗಾರರಿಗೇ ನೇರವಾಗಿ ದುಡ್ಡು ಹಂಚೋದೂ ಸೇರಿಕೊಂಡಿದೆ. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಆ ವರ್ಷ ಜೂನ್ 6ಕ್ಕೆ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರಲ್ಲ, ಅದರ ಪ್ರಕಾರ ಮೊದಲ ವರ್ಷಕ್ಕೆ ಒಂದು ಕಾಲೇಜು ತನ್ನ ಎಲ್ಲ ಆಟಗಾರರಿಗೂ ಸೇರಿ ಕೊಡಬಹುದಾದ ಮಿತಿ ಸುಮಾರು 2.05 ಕೋಟಿ.

ಈಗ ಆ 2.05ನ್ನ ಕೆಲ್ಲಿಯ 5.4ರ ಪಕ್ಕ ಇಟ್ಟು ನೋಡಿ. ನೂರಾರು ಹುಡುಗ ಹುಡುಗಿಯರಿಗೆ ಎರಡೂವರೆ ವರ್ಷ ಹಂಚಬಹುದಾದ ದುಡ್ಡು, ಆಡಿಸೋದು ನಿಲ್ಲಿಸಿದ ಒಬ್ಬನಿಗೆ.

ಅರ್ಜಿ ಯಾರಿಗೆ ಅಂದ್ರಲ್ಲ. ನಿಯಮದ ಪ್ರಕಾರ ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ, ಅವರ ಮೇಲೆ ಬೋರ್ಡು. ಎಲ್‌ಎಸ್‌ಯುನಲ್ಲಿ ಆ ಅಕ್ಟೋಬರಿನಲ್ಲಿ ಖಾಯಂ ಅಧ್ಯಕ್ಷರೇ ಇರಲಿಲ್ಲ. ವಿಲಿಯಂ ಟೇಟ್ ರಟ್ಗರ್ಸ್‌ಗೆ ಹೋಗಿ ತಿಂಗಳುಗಳಾಗಿತ್ತು, ಹೊಸಬರು ನವೆಂಬರಿನಲ್ಲಿ ಆಯ್ಕೆಯಾದರು. ಮನೆ ಯಜಮಾನ ಇಲ್ಲದ ಹೊತ್ತಲ್ಲಿ ಪಂಚಾಯ್ತಿಗೆ ಕೂತಿದ್ದು ಗವರ್ನರ್ ಜೆಫ್ ಲ್ಯಾಂಡ್ರಿ. ಮುಂದಿನ ಕೋಚ್‌ನ ವುಡ್‌ವರ್ಡ್ ಆರಿಸಲ್ಲ, ಅದಕ್ಕಿಂತ ಡೊನಾಲ್ಡ್ ಟ್ರಂಪ್ ಕೈಲಿ ಆರಿಸೋದು ವಾಸಿ ಅನ್ನೋ ಅರ್ಥದಲ್ಲಿ ಮಾತಾಡಿದರು. ಮಾರನೇ ದಿನ ಎ.ಡಿ. ಖಾಲಿ.

ಧಾರವಾಡ_ಮಂದಿ

ಅದs ನೋಡ್ರಿ ನಂಗ ಬ್ಯಾಸರ. ಒಪ್ಪಂದ ಓದಿ, ಬೋರ್ಡ್ ಕೂತು, ಕಾರಣ ಬರದು ಕಳಿಸಿದ್ರ ಅದಕ್ಕ ಉತ್ತರದಾಯಿತ್ವ ಅಂತಾರ. ಇದು ಹೊಲದಾಗ ಬೆಳಿ ಹೋತು ಅಂತ ಜೀತದಾಳಿಗೆ ಬೈದಂಗ. ಕೆಲ್ಲಿ ಒಪ್ಪಂದಕ್ಕ ಅವತ್ತ ಬೋರ್ಡಿನವರೂ ಹೂಂ ಅಂದಿದ್ರಲ್ಲ, ಅವರಾಗ ಎಷ್ಟ ಮಂದಿ ಮನಿಗೆ ಹೋದ್ರು?

ಮತ್ತ ಮುಂದೇನಾತು? ನವೆಂಬರ್ 30ಕ್ಕ ಲೇನ್ ಕಿಫಿನ್ ಬಂದ. ಏಳು ವರ್ಷ, 9.1 ಕೋಟಿ. ವರ್ಷದ ಲೆಕ್ಕಕ್ಕ ಕೆಲ್ಲಿಗಿಂತ ಭಾಳ ಹೆಚ್ಚು. ದುಬಾರಿ ಒಪ್ಪಂದ ಬ್ಯಾಡ ಅಂತ ಕೂಗಿದವರ ಮನ್ಯಾಗ ಅದಕ್ಕಿಂತ ದುಬಾರಿ ಒಪ್ಪಂದ.

ನಾಕ್ಸ್‌ವಿಲ್_ನಾಗ

ಗುಂಪು ಕಟ್ಟಿಕೊಂಡು ಲೆಕ್ಕ ಕೇಳಿದರೆ ಏನಾಗುತ್ತೆ ಅನ್ನೋದಕ್ಕೆ ಟೆನೆಸಿಯವರಷ್ಟು ಅನುಭವ ಇನ್ಯಾರಿಗೂ ಇಲ್ಲ.

2017ರ ನವೆಂಬರ್ 26, ಭಾನುವಾರ. ಎ.ಡಿ. ಜಾನ್ ಕರಿ ಗ್ರೆಗ್ ಶಿಯಾನೊನ ಕೋಚ್ ಮಾಡ್ತಾರೆ ಅಂತ ಸುದ್ದಿ ಹೊರಬಿತ್ತು. ಮಧ್ಯಾಹ್ನದೊಳಗೆ ಊರು ಹೊತ್ತಿಕೊಂಡಿತು. ಕ್ಯಾಂಪಸ್ಸಿನ ಬಂಡೆ ಮೇಲೆ ಬಣ್ಣದಲ್ಲಿ ಬರೆದರು, ರಾಜ್ಯದ ಶಾಸಕರು ಟ್ವೀಟು ಮಾಡಿದರು. ಸಂಜೆಗೆ ಮಾತುಕತೆ ಮುರಿದುಬಿತ್ತು. ಡಿಸೆಂಬರ್ 1ಕ್ಕೆ ಕರಿಯೇ ಮನೆಗೆ. ಜಯಕಾರ! ಅವರ ಜಾಗಕ್ಕೆ ನಮ್ಮ ಕಣ್ಮಣಿ ಫಿಲ್ ಫುಲ್ಮರ್, 1998ರ ಕಿರೀಟ ತಂದುಕೊಟ್ಟ ಕೋಚ್. ನಾನೂ ಕುಣಿದವನೇ, ಮುಚ್ಚಿಡಲ್ಲ.

ಫುಲ್ಮರ್ ತಂದಿದ್ದು ಜೆರೆಮಿ ಪ್ರೂಯಿಟ್‌ನ. ಮೂರು ವರ್ಷದಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು, ಅದರ ಮೇಲೆ ಆಟಗಾರರ ಸೇರ್ಪಡೆಯಲ್ಲಿ ಕಳ್ಳ ದುಡ್ಡಿನ ಹಗರಣ. 2021ರ ಜನವರಿಯಲ್ಲಿ ಪ್ರೂಯಿಟ್ ವಜಾ, ಅದೇ ದಿನ ಫುಲ್ಮರ್ ನಿವೃತ್ತಿ ಘೋಷಣೆ. 2023ರಲ್ಲಿ ಎನ್‌ಸಿಎಎ ಹಾಕಿದ ದಂಡ 80 ಲಕ್ಷ ಡಾಲರಿಗೂ ಮೇಲೆ. ಜನ ಓಡಿಸಿದ ಕರಿ? 2019ರಿಂದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಎ.ಡಿ.

ಜನಪ್ರಿಯ ಮಾಜಿ ಆಟಗಾರ, ಮಾಜಿ ಕೋಚ್, ಇವರನ್ನ ಎ.ಡಿ. ಮಾಡೋದು ನಟನಿಗೆ ಟಿಕೆಟ್ ಕೊಟ್ಟ ಹಾಗೆ. ಗೆಲ್ಲೋದು ಸುಲಭ, ಕಡತ ಓದೋದು ಕಷ್ಟ.

ಈಜುಮಗಳ_ಅಮ್ಮ

ಎಲ್ಲರೂ ದುಡ್ಡಿನ ಲೆಕ್ಕದಲ್ಲೇ ಇದ್ದೀರಿ. ನನ್ನ ಮಗಳು ಕಾಲೇಜು ತಂಡದಲ್ಲಿ ಈಜುತ್ತಾಳೆ, ಅದಕ್ಕೆ ನನಗೆ ಬೇರೆ ಹೆಸರು ನೆನಪಾಗುತ್ತೆ. ಜೋರ್ಡನ್ ಮೆಕ್‌ನೇರ್. ಮೇರಿಲ್ಯಾಂಡ್ ವಿಶ್ವವಿದ್ಯಾಲಯ, 2018. ಮೇ ತಿಂಗಳ ಅಭ್ಯಾಸದಲ್ಲಿ ಓಡುತ್ತಾ ಓಡುತ್ತಾ ಹುಡುಗನ ಮೈ ಕಾದುಹೋಯಿತು. ಅಂಥ ಹೊತ್ತಲ್ಲಿ ಮೊದಲು ಮಾಡಬೇಕಾದ್ದು ತಣ್ಣೀರಿನ ತೊಟ್ಟಿಗೆ ಇಳಿಸೋದು. ಅದನ್ನ ಮಾಡಲಿಲ್ಲ. ಜೂನ್ 13ಕ್ಕೆ ಹೋದ. 19 ವರ್ಷ. ಅಧ್ಯಕ್ಷ ವ್ಯಾಲೇಸ್ ಲೋ ಆಗಸ್ಟಿನಲ್ಲಿ ಕಾನೂನಿನ ಹೊಣೆಯನ್ನೂ ನೈತಿಕ ಹೊಣೆಯನ್ನೂ ಒಪ್ಪಿಕೊಂಡರು. ಆಮೇಲೆ ಮೇಲಿನ ಬೋರ್ಡು ಕೋಚ್‌ನ ಉಳಿಸಿಕೊಳ್ಳಿ ಅಂತ ಹೇಳಿತು, ಜನ ಉರಿದೆದ್ದ ಮೇಲೆ ಮಾರನೇ ದಿನ ಲೋ ಅವನನ್ನ ವಜಾ ಮಾಡಿದರು. ಆ ವರ್ಷ ಹುಡುಗ ಹೋದ ಹೊತ್ತಿಗೆ ಹಂಗಾಮಿ ಎ.ಡಿ. ಆಗಿದ್ದವರು ಕೆಲವೇ ದಿನಗಳಲ್ಲಿ ಖಾಯಂ ಆಗಿ, 2025ರವರೆಗೂ ಅದೇ ಕುರ್ಚಿಯಲ್ಲಿದ್ದರು.

ಮಗಳನ್ನ ಬಿಡೋಕೆ ಹೋದ ದಿನ ಸ್ವಾಗತ ಸಭೆಯಲ್ಲಿ ಎ.ಡಿ. ಬಂದು ಹೊಸ ಕಟ್ಟಡದ ಸ್ಲೈಡ್ ತೋರಿಸಿದರು. ಕೈ ಎತ್ತಿ ಕೇಳಿದೆ: ತಂಡದ ವೈದ್ಯರು ಯಾರಿಗೆ ರಿಪೋರ್ಟ್ ಮಾಡ್ತಾರೆ, ಕೋಚ್‌ಗಾ, ನಿಮಗಾ, ಆಸ್ಪತ್ರೆಗಾ? ಪಕ್ಕದಲ್ಲಿದ್ದ ಅಪ್ಪಂದಿರು ನಕ್ಕರು. ಎ.ಡಿ. ಒಳ್ಳೆಯ ಪ್ರಶ್ನೆ ಅಂದರು. ಉತ್ತರ ಇನ್ನೂ ಬಂದಿಲ್ಲ.

ಕೊಲಂಬಸ್_ಕಾವೇರಿ

ಕೇಳಿ ಸುಮ್ಮನಾದೆ. ನಾನೂ ಆ ಪ್ರಶ್ನೆ ಎಲ್ಲೂ ಕೇಳಿಲ್ಲ. ಇನ್ನು ಬೋನಸ್ಸಿನ ವಿಷಯ ಹೇಳ್ತೀನಿ, ಯಾಕೆ ಅಂದ್ರೆ ಇದೂ ಅಲ್ಲಿಗೇ ಹೋಗಿ ಸೇರತ್ತೆ.

2014ರ ಮಾರ್ಚಿನಲ್ಲಿ ನಮ್ಮ ಲೋಗನ್ ಸ್ಟೀಬರ್ ಕುಸ್ತಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಗೆದ್ದವನಿಗೆ ಆಗಿನ ನಿಯಮದಂತೆ ಸೊನ್ನೆ. ಆಗಿನ ಎ.ಡಿ. ಜೀನ್ ಸ್ಮಿತ್‌ಗೆ ಒಪ್ಪಂದದ ಪ್ರಕಾರ 18,000 ಡಾಲರಿಗೂ ಮಿಕ್ಕಿ ಬೋನಸ್. ಅಖಾಡದಲ್ಲಿ ಮೈ ಮುರಿದವನು ಒಬ್ಬ, ಗದೆ ಹೊತ್ತವನು ಇನ್ನೊಬ್ಬ. ಸ್ಮಿತ್ ಕೆಟ್ಟ ಆಡಳಿತಗಾರ ಅಂತ ನಾನು ಹೇಳಲ್ಲ, ರಯಾನ್ ಡೇನ ನೇಮಿಸಿದ್ದು ಅವರ ಕಾಲದಲ್ಲೇ. ಆದರೆ ಒಪ್ಪಂದದಲ್ಲಿ ಏನಕ್ಕೆ ಬೋನಸ್ ಬರೆದಿದೆ ನೋಡಿದರೆ ಕಾಲೇಜಿಗೆ ಏನು ಬೇಕು ಅಂತ ಗೊತ್ತಾಗಿಬಿಡತ್ತೆ. ಪದಕಕ್ಕೆ ಬೋನಸ್ ಇದೆ. ಮೈದಾನದ ಪಕ್ಕ ತಣ್ಣೀರಿನ ತೊಟ್ಟಿ ಇಟ್ಟಿದ್ದಕ್ಕೆ ಬೋನಸ್ ನಾನು ಎಲ್ಲೂ ಓದಿಲ್ಲ.

ಬೇ_ಏರಿಯಾ_ಬೋರೇಗೌಡ

ಲೇಟಾಗಿ ಬಂದೆ. ಹಳೇ ವಿದ್ಯಾರ್ಥಿಗಳು ಪಟ್ಟು ಹಿಡಿದು ಗೆದ್ದಿದ್ದಕ್ಕೆ ಒಂದು ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. 2020ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ಒಂದೇ ಏಟಿಗೆ 11 ಆಟ ಕೈಬಿಡ್ತೀವಿ ಅಂತು. ಕುಸ್ತಿ, ಫೀಲ್ಡ್ ಹಾಕಿ, ಕತ್ತಿವರಸೆ, ಸ್ಕ್ವಾಷ್, ಹೀಗೆ. ಡೈರೆಕ್ಟರ್ಸ್ ಕಪ್ ಅಂತ ಎಲ್ಲ ಆಟ ಸೇರಿಸಿ ಕೊಡೋ ಪ್ರಶಸ್ತಿಯನ್ನ 25 ವರ್ಷ ಸತತ ಗೆದ್ದಿದ್ದ ಕಾಲೇಜು ಅದು! ಹಳಬರು ಬಿಡಲಿಲ್ಲ. ಬಜೆಟ್ ತೋರಿಸಿ ಅಂದ್ರು, ದುಡ್ಡು ನಾವೇ ಎತ್ತಿಕೊಡ್ತೀವಿ ಅಂದ್ರು, ಕೋರ್ಟಿಗೂ ಹೋದ್ರು. 2021ರ ಮಾರ್ಚಿನಲ್ಲಿ ಶೇನ್ ಗ್ರಿಫಿತ್ ಕಾಲೇಜಿನ ಹೆಸರಿಲ್ಲದ ಬರೀ ಕಪ್ಪು ಉಡುಪಿನಲ್ಲಿ ಅಖಾಡಕ್ಕೆ ಇಳಿದು ರಾಷ್ಟ್ರೀಯ ಚಾಂಪಿಯನ್ ಆದ. ಮೇ ತಿಂಗಳಲ್ಲಿ ಹನ್ನೊಂದೂ ಆಟ ವಾಪಸ್.

ಟೆನೆಸಿಗೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ತಲೆ ಕೇಳಿದ್ರು, ಇಲ್ಲಿ ಲೆಕ್ಕ ಕೇಳಿದ್ರು.

ಇನ್ನೊಂದು, ದುಡ್ಡೆಲ್ಲ ದಾನಿಗಳದ್ದು ನಿಮಗ್ಯಾಕೆ ಅಂತ ಯಾರಾದ್ರೂ ಹೇಳೋ ಮುಂಚೆ. ಅದು ನಾಲ್ಕಾರು ಶ್ರೀಮಂತ ಕಾಲೇಜಿನ ಕಥೆ. ನನ್ನ ಅಕ್ಕನ ಮಗ ಬೇರೆ ರಾಜ್ಯದ ಒಂದು ಕಾಲೇಜಲ್ಲಿ ಓದ್ತಾನೆ. ಶುಲ್ಕದ ಬಿಲ್ಲಿನಲ್ಲಿ ಕ್ರೀಡಾ ಶುಲ್ಕ ಅಂತ ಬೇರೇ ಸಾಲು. ಅವನು ಒಂದು ಮ್ಯಾಚಿಗೂ ಹೋದವನಲ್ಲ. ಆ ಸಾಲು ಯಾಕೆ ಏರ್ತಿದೆ ಅಂತ ಅಕ್ಕ ಈಮೇಲ್ ಬರೆದ್ರೆ ಸ್ಟೇಡಿಯಂ ಟಿಕೆಟ್ಟಿನ ರಿಯಾಯಿತಿ ಕೂಪನ್ ಬಂತಂತೆ.

ನಾಕ್ಸ್‌ವಿಲ್_ನಾಗ

ಕೂಪನ್!!

ಸರಿ, ತಲೆ ಬೇಡ ಲೆಕ್ಕ ಬೇಕು ಅನ್ನೋದಾದ್ರೆ ಯಾವ ಲೆಕ್ಕ? ಗೆಲುವು ಸೋಲಿನಿಂದ ಅಳೆಯೋಕೆ ಆಗಲ್ಲ ಅಂತ ಮೇಲೆ ಎಲ್ಲರೂ ಹೇಳಿದ್ದೀರಿ.

ಬಯೂ_ಭಟ್ಟ

ನಾನು ಎರಡು ದಿನದಿಂದ ಇದನ್ನೇ ಓದ್ತಾ ಇದ್ದೀನಿ. ಒಂದು ಜೋಡಿ ಸಿಕ್ಕಿತು, ನೋಡಿ.

ಒಂದು ಕಡೆ ಎ ಅಂಡ್ ಎಂ. ಫಿಶರ್ ಒಪ್ಪಂದದಲ್ಲಿ, ಅವನು ಬೇರೆ ಕೆಲಸ ಹಿಡಿದರೆ ಆ ಸಂಬಳವನ್ನ ನಮ್ಮ ಬಾಕಿಯಿಂದ ಕಳೀತೀವಿ ಅನ್ನೋ ಷರತ್ತು ಇರಲಿಲ್ಲ. 60 ದಿನದೊಳಗೆ 1.92 ಕೋಟಿ, ಆಮೇಲೆ 2031ರವರೆಗೆ ವರ್ಷಕ್ಕೆ 72 ಲಕ್ಷ. ಮನೇಲಿ ಕೂರಲಿ, ಬೇರೆ ಕಡೆ ದುಡಿಯಲಿ, ಕಂತು ತಪ್ಪಲ್ಲ.

ಇನ್ನೊಂದು ಕಡೆ ಪೆನ್ ಸ್ಟೇಟ್. 2025ರ ಅಕ್ಟೋಬರ್ 12ಕ್ಕೆ ಜೇಮ್ಸ್ ಫ್ರ್ಯಾಂಕ್ಲಿನ್‌ನ ಕಳಿಸಿದಾಗ ಬೈಔಟ್ 4.9 ಕೋಟಿ ಅಂತ ಎಲ್ಲ ಕಡೆ ನಗಾಡಿದರು, ನಾನೂ ಸೇರಿ. ಆದರೆ ಅಲ್ಲಿ ಆ ಷರತ್ತು ಇತ್ತು. ನವೆಂಬರಿನಲ್ಲಿ ಅವನು ವರ್ಜೀನಿಯಾ ಟೆಕ್ ಸೇರಿದ, ರಾಜಿಯಲ್ಲಿ ಮೊತ್ತ 90 ಲಕ್ಷಕ್ಕೆ ಇಳಿಯಿತು. ನಾಲ್ಕು ಕೋಟಿ ಡಾಲರ್ ಉಳಿದದ್ದು ಒಂದು ಷರತ್ತಿನಿಂದ! ಆ ಒಪ್ಪಂದ ಆದದ್ದು 2021ರಲ್ಲಿ, ಎ.ಡಿ. ಸ್ಯಾಂಡಿ ಬಾರ್ಬರ್ ಕಾಲದಲ್ಲಿ. ಆಗ ಅವರಿಗೆ ಹತ್ತು ವರ್ಷ ಕೊಟ್ಟಿದ್ದಕ್ಕೆ ಬೈಗುಳ ಬಿತ್ತು. ಷರತ್ತಿಗೆ ಯಾರೂ ಬೆನ್ನು ತಟ್ಟಿರಲಿಕ್ಕಿಲ್ಲ. 2022ಕ್ಕೇ ನಿವೃತ್ತರಾಗಿ ಹೋದರು.

ಈ ಷರತ್ತು ಯಾಕೆ ಬಿಟ್ಟುಹೋಗತ್ತೆ ಅಂದ್ರೆ ಆತುರ. ಎ.ಡಿ.ಗೆ ಕೋಚ್ ಬೇಕಾಗಿರೋದು ಈ ವಾರಾಂತ್ಯಕ್ಕೆ. ಎದುರಿಗೆ ಕೂತಿರೋದು ಜಿಮ್ಮಿ ಸೆಕ್ಸ್‌ಟನ್ ಥರದ ಏಜೆಂಟು, ಫಿಶರ್, ಕಿಫಿನ್ ಇಬ್ಬರೂ ಅವರ ಕಕ್ಷಿದಾರರೇ. ಅವರಿಗೆ ಇನ್ನೂ ಮೂರು ಕಾಲೇಜಿನ ಫೋನ್ ಬರ್ತಿರತ್ತೆ. ಮದುವೆ ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಪಟಾಕಿಯವನ ಜತೆ ಚೌಕಾಸಿ ಮಾಡಿದ ಹಾಗೆ.

ಹಾಗಾಗಿ ನನ್ನ ಲೆಕ್ಕ: ಎ.ಡಿ.ಯ ಪ್ರತಿ ಸಹಿಯ ಪಕ್ಕ ಅದನ್ನ ಮುರಿದರೆ ಬೀಳೋ ಮೊತ್ತ ಬರೆದು ಪ್ರತಿ ವರ್ಷ ಬೋರ್ಡಿನ ಮುಂದೆ ಇಡಬೇಕು, ಸಾರ್ವಜನಿಕವಾಗಿ. ಎ.ಡಿ.ಯ ಬೋನಸ್ಸಿನ ಒಂದು ಪಾಲು ಐದು ವರ್ಷ ತಡೆದಿಟ್ಟು, ಆ ಕೋಚ್‌ನ ಕಥೆ ಏನಾಯ್ತು ನೋಡಿ ಕೊಡಬೇಕು, ಅವರು ಬೇರೆ ಊರಿಗೆ ಹೋಗಿದ್ದರೂ ಸರಿ. ಒಪ್ಪಂದಕ್ಕೆ ಕೈ ಎತ್ತಿದ ಬೋರ್ಡು ಸದಸ್ಯರ ಹೆಸರೂ ಅದೇ ಹಾಳೆಯಲ್ಲಿ ಇರಲಿ. ಧಾರವಾಡದವರ ಮಾತು ಒಪ್ಪಿದೆ.

ಈಜುಮಗಳ_ಅಮ್ಮ

ಆ ಹಾಳೆಯಲ್ಲಿ ವೈದ್ಯರ ಸಾಲೂ ಒಂದಿರಲಿ. ಕೋಚ್‌ನ ಮಾತು ಮೀರಿ ಅಭ್ಯಾಸ ನಿಲ್ಲಿಸೋ ಅಧಿಕಾರ ಇದೆಯಾ ಇಲ್ಲವಾ, ಹೌದು ಅಥವಾ ಇಲ್ಲ. ಅಷ್ಟೇ.

ಧಾರವಾಡ_ಮಂದಿ

ಬೋನಸ್ ತಡದ್ರ ಒಳ್ಳೇ ಮಂದಿ ಆ ಕೆಲಸಕ್ಕs ಬರೂದಿಲ್ಲ ಅಂತಾರ ನೋಡ್ರಿ ಈಗ. ಬರ್ಲಿಲ್ಲಾಂದ್ರ ಬ್ಯಾಡ. ಒಂದ ಸಂಶಯ ನಂಗಿನ್ನೂ ಐತಿ, ಭಟ್ರ: ಐದ ವರ್ಷ ತಡದ್ರ ಎ.ಡಿ. ಅಂಜಿ ಕೂತು ಮಲ್ಕಿಯಂಥಾ ನೇಮಕಾನೂ ಮಾಡೂದಿಲ್ಲ. ಆಕಿನೂ ಅಗ್ಗದ ಕೋಚ್ ಅಲ್ಲ.

ಬಯೂ_ಭಟ್ಟ

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಲ್ಕಿ ವಿಷಯದಲ್ಲಿ ಮುಂಚೆಯೂ ಸೋತಿದ್ದೆ, ಈಗಲೂ ಸೋತೆ.

ಪಿಡಿ_ಮೇಷ್ಟ್ರು

ಪೂರ್ತಿ ಓದಿದೆ. ನಮ್ಮ ಮೂಡುಬಿದಿರೆಯ ಕಡೆ ಓಟಗಾರರನ್ನ ದತ್ತು ತಗೊಂಡು ಓದಿಸ್ತಾರೆ, ಅದನ್ನೇ ದೊಡ್ಡದು ಅಂದುಕೊಂಡಿದ್ದೆ. ಒಂದು ಸಣ್ಣ ಅನುಮಾನ: ಆ ಫಿಶರ್‌ಗೆ ವರ್ಷಕ್ಕೆ 72 ಲಕ್ಷ ಅಂದ್ರಲ್ಲ, ರೂಪಾಯಿ ತಾನೆ?

ಕೊಲಂಬಸ್_ಕಾವೇರಿ

ಡಾಲರ್, ಮೇಷ್ಟ್ರೇ. ನನ್ನ ಮಗಳು ಈಗ ಏಳನೇ ಕ್ಲಾಸು. ಅವಳು ಕಾಲೇಜು ಮೆಟ್ಟಿಲು ಹತ್ತೋ ವರ್ಷ ಅವನಿಗೆ ಕೊನೇ ಕಂತು.

ಪಿಡಿ_ಮೇಷ್ಟ್ರು

ನಾನು ಹೋಗಿ ಮ್ಯಾಟಿಗೆ ನಾಲ್ಕನೇ ಅರ್ಜಿ ಬರೀತೀನಿ.